ಬಲತೋಳಿಗೆ ದಾಟಿದ ನೋವು

ಪೃಥ್ವೀರಾಜನ ಭಾನುವಾರವನ್ನು ಹಾಳು ಮಾಡಿದ್ದು ಅವನ ಎಡಗೈ ಕಿರುಬೆರಳಿನ ಉಗುರಿನ ಮೇಲೆ ಇರಬೇಕಾಗಿದ್ದ, ಆದರೆ ಇರದಿದ್ದ, ಒಂದು ನೇರಳೆ ಚುಕ್ಕೆ.

ಹೆಸರಿಗೆ ತಕ್ಕ ಹಾಗೆ ಪೃಥ್ವೀರಾಜ ಆರಡಿ ಎತ್ತರವಿದ್ದ. ಮೀಸೆಯೂ ಇತ್ತು. ತಿಪಟೂರು ಬಿಟ್ಟು ವಿಜಯವಾಡಕ್ಕೆ ಬಂದು ಏಳು ವರ್ಷವಾಗಿತ್ತು. ಒನ್ ಟೌನಿನ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಮ್ಯಾನೇಜರ್ ಕೆಲಸ. ದಿನಕ್ಕೆ ಸಾವಿರಾರು ಸಿರಿಂಜುಗಳು ಅವನ ಕೈ ದಾಟಿ ಹೋಗುತ್ತಿದ್ದವು. ಆದರೆ ಎಲ್ಲವೂ ಮುಚ್ಚಿದ ಪೆಟ್ಟಿಗೆಯೊಳಗೆ. ಎಲ್ಲಾದರೂ ಪೆಟ್ಟಿಗೆ ಹರಿದು ಒಂದು ಸೂಜಿ ಹೊರಗೆ ಇಣುಕಿತೋ, ಪೃಥ್ವೀರಾಜ "ಇದೊಂಚೂರು ನೋಡ್ಕೊಳ್ಳಿ" ಎಂದು ಯಾರಿಗೋ ಹೇಳಿ ಎದುರಿನ ಟೀ ಅಂಗಡಿಗೆ ಹೋಗಿ ಕೂತುಬಿಡುತ್ತಿದ್ದ. ಸೂಜಿಯೆಂದರೆ ಅವನಿಗೆ ಅಷ್ಟು ಭಯ.

ಅವನಿದ್ದದ್ದು ಭವಾನಿಪುರಂನ ಕೃಷ್ಣಾತೀರಂ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಹೋದ ಮಳೆಗಾಲದಲ್ಲಿ ಆ ಕಟ್ಟಡದಲ್ಲಿ ಏಳು ಜನಕ್ಕೆ ಟೈಫಾಯ್ಡ್ ಬಂದಿತ್ತು. ಅದಕ್ಕೇ ಈ ವರ್ಷ ವಿಶಾಖಪಟ್ಟಣದಿಂದ ಒಂದು ಸಂಶೋಧನಾ ತಂಡ ಬಂದು, ಕಟ್ಟಡದವರಿಗೆಲ್ಲ ಲಸಿಕೆ ಹಾಕಿ, ಅದು ಎಷ್ಟು ಕೆಲಸ ಮಾಡುತ್ತದೆಂದು ನೋಡಲು ಒಪ್ಪಿಕೊಂಡಿತ್ತು. ಒಪ್ಪಿಸಿದವರು ಅಪಾರ್ಟ್‌ಮೆಂಟಿನ ಸೆಕ್ರೆಟರಿ ದುರ್ಗಾಭವಾನಿ ಗಾರು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ಆಕೆ ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ, ಒಂದೇ ಗದರಿಕೆಯಲ್ಲಿ ಮಾತಾಡುತ್ತಿದ್ದರು. ಲಸಿಕೆ ಹಾಕುವ ಮೊದಲೇ 'ನೂರಕ್ಕೆ ನೂರು' ಎಂದು ಬಟ್ಟೆಯ ಬ್ಯಾನರ್ ಬರೆಸಿ ಗೇಟಿಗೆ ಕಟ್ಟಿಸಿದ್ದರು. ಇನ್ನು ಯಾರಾದರೂ ಒಬ್ಬರು ತಪ್ಪಿಸಿಕೊಂಡರೆ ಬ್ಯಾನರ್ ಇಳಿಸುವುದಿಲ್ಲ, ಆ ಮನುಷ್ಯನನ್ನೇ ಇಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಬೆಳಗ್ಗೆ ಎಂಟಕ್ಕೇ ಹೆಂಡತಿ ಸಿಂಧೂರ ಕೆಳಗೆ ಹೋಗಿ ಲಸಿಕೆ ಹಾಕಿಸಿಕೊಂಡು, ನೇರಳೆ ಚುಕ್ಕೆಯ ಕಿರುಬೆರಳನ್ನು ಎತ್ತಿ ಹಿಡಿದುಕೊಂಡೇ ಬಂದಳು.

"ಹೋಗಿ ಬನ್ರೀ. ಇರುವೆ ಕಚ್ಚಿದ ಹಾಗೆ, ಅಷ್ಟೇ."

"ಇರುವೆ ಕಚ್ಚುತ್ತೆ ಅಂತ ಗೊತ್ತಿದ್ದೂ ಗೂಡಿಗೆ ಕೈ ಹಾಕ್ತಾರೇನೇ?"

"ನೀವು ಹೋಗದೆ ಇದ್ರೆ ದುರ್ಗಾಭವಾನಿ ಆಂಟಿನೇ ಮೇಲಕ್ಕೆ ಬರ್ತಾರೆ. ನರ್ಸನ್ನೂ ಕರ್ಕೊಂಡು."

ಪೃಥ್ವೀರಾಜ ಅಂಗಿ ಹಾಕಿಕೊಂಡ. ಅಂಗಿಯ ಜೇಬಿನಲ್ಲಿ ಅಂಗಡಿಯ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ಮಾರ್ಕರ್ ಪೆನ್ನಿತ್ತು. ಬಣ್ಣ ನೇರಳೆ. ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ಅದು ಅವನ ಕೈಗೆ ತಾಕಿತು. ಒಂದನೇ ಮಹಡಿಗೆ ಬರುವಷ್ಟರಲ್ಲಿ ಅವನ ಮುಖದಲ್ಲಿ ನಗು ಮೂಡಿತ್ತು.

ಕೆಳಗೆ ಸೆಲ್ಲಾರಿನಲ್ಲಿ ಕಾರುಗಳನ್ನೆಲ್ಲ ಹೊರಗೆ ತಳ್ಳಿ ಎರಡು ಮೇಜು ಹಾಕಿದ್ದರು. ಮೊದಲ ಮೇಜಿನಲ್ಲಿ ನರ್ಸ್ ಸುಮಿತ್ರಾ ಎಡತೋಳಿಗೆ ಲಸಿಕೆ ಚುಚ್ಚಿ, ಪೋಲಿಯೋ ಹನಿ ಹಾಕಿದ ಮಕ್ಕಳಿಗೆ ಮಾಡುವ ಹಾಗೆ ಕಿರುಬೆರಳಿಗೆ ಚುಕ್ಕೆ ಇಡುತ್ತಿದ್ದಳು. ಎರಡನೆಯ ಮೇಜಿನಲ್ಲಿ ಈಶ್ವರಯ್ಯನವರು ಚುಕ್ಕೆ ನೋಡಿ ಹೆಸರು ಬರೆದುಕೊಳ್ಳುತ್ತಿದ್ದರು. ರೈಲ್ವೆಯಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ, ಅದರಲ್ಲಿ ಹನ್ನೆರಡು ವರ್ಷ ಹುಬ್ಬಳ್ಳಿಯಲ್ಲೇ ಕಳೆದು ನಿವೃತ್ತರಾದವರು ಅವರು. ಈಗಲೂ ಲಿಫ್ಟಿನಲ್ಲಿ ಹೊಸಬರು ಕಂಡರೆ ಅವರ ಕೈ ತಾನಾಗಿ ಮುಂದೆ ಚಾಚುತ್ತಿತ್ತು.

ಎರಡು ಮೇಜುಗಳ ನಡುವೆ ಒಂದು ದಪ್ಪ ಕಂಬವಿತ್ತು. ಪೃಥ್ವೀರಾಜ ಕಂಬದ ಹಿಂದೆ ಹೋಗಿ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ. ಎದ್ದಾಗ ಕಿರುಬೆರಳಿನ ಮೇಲೆ ಚುಕ್ಕೆ ಇತ್ತು.

"ತೋರಸ್ರಿ," ಅಂದರು ಈಶ್ವರಯ್ಯ.

ತೋರಿಸಿದ.

"ಏನ್ರಿ ಇದು, ಇಷ್ಟು ದೊಡ್ಡದು? ಉಳಿದವರಿಗೆ ಸಾಸಿವಿ ಕಾಳು, ನಿಮಗೆ ಹುಣಸಿ ಬೀಜ!"

"ನಾನು ಸ್ವಲ್ಪ ದೊಡ್ಡ ಆಳು ಅಲ್ವಾ ಸಾರ್? ಅದಕ್ಕೇ ಇರಬೇಕು."

ಈಶ್ವರಯ್ಯ ಅವನನ್ನು ಬುಡದಿಂದ ತುದಿಯವರೆಗೆ ನೋಡಿ, ಅದೂ ನಿಜ ಅನ್ನಿಸಿ, ಹೆಸರು ಬರೆದುಕೊಂಡರು. "ಹೋಗಿ ಅರ್ಧ ತಾಸು ಕುರ್ಚಿ ಮ್ಯಾಲೆ ಕೂಡ್ರಿ. ರೂಲ್ ಅದ."

ಅಲ್ಲಿಂದ ಎದ್ದು ಮನೆಗೆ ಬಂದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಅವನ ಪಕ್ಕಕ್ಕೆ ದುರ್ಗಾಭವಾನಿ ಗಾರು ಬಂದು ಕೂತರು.

"ಏನ್ ಬಾಬು, ನೋವು ಐತೇನು?"

ಕಳ್ಳನಿಗೆ ಸಾಕ್ಷಿಯ ಮೇಲೆ ಪ್ರೀತಿ ಹೆಚ್ಚು. ಇಲ್ಲ ಅಂದರೆ ಅನುಮಾನ ಬಂದೀತೆಂದು ಪೃಥ್ವೀರಾಜ ಹಲ್ಲು ಕಚ್ಚಿ, ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಅಬ್ಬಾ! ಎತ್ತೋಕೇ ಆಗ್ತಿಲ್ಲ ಆಂಟಿ," ಎಂದ.

"ಅಯ್ಯಯ್ಯೋ!" ಎಂದು ಮರುಗಿದ ದುರ್ಗಾಭವಾನಿ ಗಾರು ಮರುಕ್ಷಣವೇ ಹುಬ್ಬು ಗಂಟಿಕ್ಕಿದರು. "ಅದ್ಯಾಕೆ ಬಲತೋಳು ಹಿಡ್ಕೊಂಡೀರಿ? ಚುಚ್ಚಿದ್ದು ಎಡಕ್ಕಲ್ಲ?"

ಪೃಥ್ವೀರಾಜ ತನ್ನ ಕೈಯನ್ನು ತಾನೇ ಮೊದಲ ಸಲ ಕಂಡವನಂತೆ ನೋಡಿದ. ಈಗ ಬದಲಾಯಿಸುವಂತಿರಲಿಲ್ಲ.

"ಚುಚ್ಚಿದ್ದು ಎಡಕ್ಕೇ ಆಂಟಿ. ನೋವು... ದಾಟಿ ಈ ಕಡೆ ಬಂದಿದೆ."

"ದಾಟಿ?"

"ಹೂಂ. ಬೆನ್ನ ಮೇಲಿಂದ."

ದುರ್ಗಾಭವಾನಿ ಗಾರು ಕುರ್ಚಿಯಿಂದ ಎದ್ದರು. ಆಕೆ ಎದ್ದರೆ ಅಪಾರ್ಟ್‌ಮೆಂಟ್ ಎದ್ದ ಹಾಗೆ. ಹತ್ತು ನಿಮಿಷದಲ್ಲಿ ಸುದ್ದಿ ಲಿಫ್ಟಿಗಿಂತ ಬೇಗ ಮೇಲೇರಿತು. ಒಂದನೇ ಮಹಡಿಯಲ್ಲಿ ಅದು 'ಬಲತೋಳಿನ ನೋವು' ಆಗಿತ್ತು. ಎರಡನೆಯದರಲ್ಲಿ 'ಬಲಭಾಗ ಪೂರ್ತಿ ಜೋಮು'. ಐದನೆಯದಕ್ಕೆ ತಲುಪುವಷ್ಟರಲ್ಲಿ ಪೃಥ್ವೀರಾಜನ ಒಂದು ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು.

ಪೃಥ್ವೀರಾಜ ಬಾಗಿಲು ತೆರೆದು ಒಳಗೆ ಬಂದಾಗ ಹೆಂಡತಿ ಮಾಡಿದ ಕೋಳಿಸಾರಿನ ಘಮ ಮನೆಯೆಲ್ಲ ತುಂಬಿತ್ತು. ಅವನು ಕೈ ತೊಳೆದು ತಟ್ಟೆಯ ಮುಂದೆ ಕೂತ. ಅಷ್ಟರಲ್ಲಿ ಬೆಲ್ಲಾಯಿತು.

"ಸಿಂಧೂರಮ್ಮ, ಕೋಳಿ ಕೊಡಬ್ಯಾಡ ಅವರಿಗೆ!" ಬಾಗಿಲಲ್ಲಿ ದುರ್ಗಾಭವಾನಿ ಗಾರು, ಕೈಯಲ್ಲಿ ಸ್ಟೀಲ್ ಡಬ್ಬಿ. "ನೋವು ಓಡಾಡ್ತಾ ಐತೆ. ಉಷ್ಣ ಆದ್ರೆ ತಲೆಗೇ ಏರ್ತದೆ. ರಾಗಿ ಜಾವ ತಂದೀನಿ, ಅದೇ ಅಂಬಲಿ. ಉಪ್ಪು ಹಾಕಿಲ್ಲ."

"ಆಂಟಿ, ನಂಗೆ ಈಗ ಸ್ವಲ್ಪ ಪರವಾಗಿಲ್ಲ..."

"ನೀವು ಮಾತಾಡಬ್ಯಾಡ್ರಿ. ಮಾತಿಗೂ ಉಷ್ಣ ಆಗ್ತದೆ."

ಹಿಂದೆಯೇ ಈಶ್ವರಯ್ಯ ಎಳ್ಳೆಣ್ಣೆ ಬಾಟಲಿ ಹಿಡಿದು ಬಂದರು. ಬಲತೋಳನ್ನು ಹುಬ್ಬಳ್ಳಿ ಪೈಲ್ವಾನರ ಹಾಗೆ ತಿಕ್ಕಿದರು. ಮೊದಲು ಇಲ್ಲದಿದ್ದ ನೋವು ಈಗ ನಿಜವಾಗಿಯೂ ಬಂತು. ಎದುರು ಮನೆಯವರು ಮೆಣಸಿನ ಸಾರು ತಂದರು, ಮೇಲಿನ ಮನೆಯವರು ದೃಷ್ಟಿ ತೆಗೆದರು. ಬಂದವರನ್ನು ಹಾಗೇ ಕಳಿಸಬಾರದೆಂದು ಸಿಂಧೂರ ಎಲ್ಲರಿಗೂ ಊಟ ಬಡಿಸಿದಳು. ಪೃಥ್ವೀರಾಜ ಉಪ್ಪಿಲ್ಲದ ಜಾವ ಕುಡಿಯುತ್ತಾ, ತನ್ನ ಭಾನುವಾರದ ಕೋಳಿಯ ಕೊನೆಯ ಕಾಲು ಈಶ್ವರಯ್ಯನವರ ತಟ್ಟೆಯಲ್ಲಿ ಕಣ್ಮರೆಯಾಗುವುದನ್ನು ನೋಡಿದ. ಆದರೂ ಮನಸ್ಸಿನೊಳಗೆ ಸಮಾಧಾನವಿತ್ತು. ಕೋಳಿ ಹೋದರೆ ಹೋಯಿತು, ಸೂಜಿ ತಪ್ಪಿತಲ್ಲ.

ಮೂರು ಗಂಟೆಗೆ ಮತ್ತೆ ಬೆಲ್ಲಾಯಿತು. ಬಂದವಳು ಸಂಶೋಧನೆಯ ಡಾಕ್ಟರ್ ನಿಶ್ಚಿತಾ. ಇಪ್ಪತ್ತೆಂಟರ ಹುಡುಗಿ, ದಾವಣಗೆರೆಯವಳು. ವಿಶಾಖಪಟ್ಟಣದಿಂದ ತಂಡ ಕಟ್ಟಿಕೊಂಡು ಬಂದವಳು. ಅವಳ ಹಿಂದೆ ಡಬ್ಬಿ ಹಿಡಿದ ನರ್ಸ್ ಸುಮಿತ್ರಾ. ಅವರ ಹಿಂದೆ ಅರ್ಧ ಅಪಾರ್ಟ್‌ಮೆಂಟು.

"ನೀವು ಕನ್ನಡದವರಂತೆ! ಖುಷಿಯಾಯ್ತು ಸರ್. ಲಸಿಕೆ ಎಡಕ್ಕೆ, ನೋವು ಬಲಕ್ಕೆ ಅಂದ್ರು ಮೇಡಂ. ನಾನು ಎಂಟು ಸಾವಿರ ಜನರನ್ನ ನೋಡಿದ್ದೀನಿ. ಹೀಗೆ ಒಂದೂ ಇಲ್ಲ. ಸೂಜಿ ಗುರುತು ನೋಡ್ತೀನಿ, ಎಡತೋಳು ಕೊಡಿ."

ಎಡತೋಳು ಕೊಟ್ಟ. ನಿಶ್ಚಿತಾ ಟಾರ್ಚ್ ಹಾಕಿ ನೋಡಿದಳು. ಸುಮಿತ್ರಾ ನೋಡಿದಳು. ಈಶ್ವರಯ್ಯ ಕನ್ನಡಕ ಒರೆಸಿಕೊಂಡು ನೋಡಿದರು.

"ಗುರುತೇ ಇಲ್ವಲ್ಲ ಸರ್?"

"ನಮ್ಮ ಮನೆತನದವರಿಗೆ ಗಾಯ ಬೇಗ ಮಾಯುತ್ತೆ," ಎಂದ ಪೃಥ್ವೀರಾಜ. ಸಿಂಧೂರ ಅವನನ್ನು ದಿಟ್ಟಿಸಿದಳು. ಮುಖಕ್ಷೌರದ ಒಂದು ಗೀರು ಅವನ ಗದ್ದದ ಮೇಲೆ ಒಂದು ವಾರದಿಂದ ಇತ್ತು.

ನಿಶ್ಚಿತಾ ಬರೆದುಕೊಂಡಳು. ಆಮೇಲೆ ಸುಮಿತ್ರಾಳ ಕಡೆ ತಿರುಗಿ, "ಏನೂ ಆಗಿರಲಿಕ್ಕಿಲ್ಲ. ಆದರೂ ರಿಪೋರ್ಟಲ್ಲಿ ಬರೀಬೇಕಲ್ಲ, ಒಂದು ಬ್ಲಡ್ ಸ್ಯಾಂಪಲ್ ತಗೊಂಡುಬಿಡೋಣ," ಎಂದಳು.

ಡಬ್ಬಿ ತೆರೆಯಿತು. ಸಿರಿಂಜು ಹೊರಗೆ ಬಂತು. ಪೃಥ್ವೀರಾಜನ ಅಂಗಡಿಯಲ್ಲಿ ಮಾರುವಂಥದ್ದೇ ಅದು, ಆದರೆ ಪೆಟ್ಟಿಗೆಯಿಲ್ಲದೆ. ಸುಮಿತ್ರಾ ರಬ್ಬರ್ ಪಟ್ಟಿಯನ್ನು ಒಮ್ಮೆ ಜಗ್ಗಿ ಚಟ್ ಎನ್ನಿಸಿದಳು. ಆ ಚಟ್ ಶಬ್ದಕ್ಕೆ ಆರಡಿಯ ಮನುಷ್ಯ ಸೋಫಾದ ಮೇಲೆ ಹತ್ತಿ ನಿಂತ.

"ನಂಗೆ ಏನೂ ಆಗಿಲ್ಲ! ನಾನು ಲಸಿಕೆ ಹಾಕಿಸ್ಕೊಂಡೇ ಇಲ್ಲ! ಚುಕ್ಕೆ ನಾನೇ ಇಟ್ಕೊಂಡಿದ್ದು! ಮಾರ್ಕರಲ್ಲಿ!"

ಎಲ್ಲರ ಕಣ್ಣೂ ಅವನ ಕಿರುಬೆರಳಿನ ಮೇಲೆ ಹೋಯಿತು.

"ವಿತೌಟ್ ಟಿಕೆಟ್!" ಎಂದು ತಲೆಯ ಮೇಲೆ ಕೈ ಹೊತ್ತರು ಈಶ್ವರಯ್ಯ. "ಮೂವತ್ತು ವರ್ಷ ಸರ್ವೀಸ್. ಒಬ್ಬನೂ ನನ್ನ ಕಣ್ಣು ತಪ್ಪಿಸಿ ಹೋಗಿರಲಿಲ್ಲ. ರಿಟೈರ್ ಆದಮ್ಯಾಲೆ ಕೆಡಿಸಿದ್ರಿ ನನ್ನ ರೆಕಾರ್ಡು!"

"ನನ್ನ ಜಾವ ವಾಪಸ್ ಕೊಡ್ರಿ," ಎಂದರು ದುರ್ಗಾಭವಾನಿ ಗಾರು ಹಲ್ಲು ಕಡಿಯುತ್ತಾ. "ನೂರಕ್ಕೆ ನೂರು ಅಂತ ಕಾರ್ಪೊರೇಟರಿಗೆ ಫೋಟೋ ಕಳಿಸೀನಿ! ಸುಮಿತ್ರಾ, ಲಸಿಕೆ ತೆಗಿ. ಈಶ್ವರಯ್ಯ ಗಾರು, ಕಾಲು ಹಿಡೀರಿ."

ಸಿಂಧೂರ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಆಗ ಯಾರೂ ಎಣಿಸದ್ದು ನಡೆಯಿತು. ಡಾಕ್ಟರ್ ನಿಶ್ಚಿತಾ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.

"ಯಾರೂ ಅವರನ್ನ ಮುಟ್ಟಬೇಡಿ! ಲಸಿಕೆ ಒಳಗಿಡು ಸುಮಿತ್ರಾ! ಸರ್, ನಿಮ್ಮಂಥವರನ್ನ ನಾನು ಒಂದು ತಿಂಗಳಿಂದ ಹುಡುಕ್ತಿದ್ದೀನಿ! ಲಸಿಕೆ ಹಾಕಿಸಿಕೊಂಡವರ ಜೊತೆ ಹೋಲಿಸೋಕೆ ಹಾಕಿಸಿಕೊಳ್ಳದವರು ಮೂವತ್ತು ಜನ ಬೇಕು. ಇದೇ ಏರಿಯಾದವರು, ಇದೇ ನೀರು ಕುಡಿಯೋವ್ರು. ಇಪ್ಪತ್ತೊಂಬತ್ತು ಸಿಕ್ಕಿದ್ರು. ಆಮೇಲೆ ದುರ್ಗಾಭವಾನಿ ಮೇಡಂ ಬೀದಿ ಬೀದಿ ತಿರುಗಿ ಉಳಿದವರನ್ನೆಲ್ಲ ಲಸಿಕೆಗೆ ಎಳ್ಕೊಂಡು ಬಂದುಬಿಟ್ರು. ಮೂವತ್ತನೆಯವರು ಇಲ್ಲದೆ ನನ್ನ ಸ್ಟಡಿನೇ ನಿಂತಿತ್ತು!"

ಪೃಥ್ವೀರಾಜ ಸೋಫಾದಿಂದ ಒಂದು ಕಾಲು ಕೆಳಗಿಟ್ಟ. "ಅಂದ್ರೆ... ನಂಗೆ ಲಸಿಕೆ ಹಾಕಲ್ವಾ?"

"ಸ್ಟಡಿಗೆ ಸೇರಿದ್ರೆ ಹಾಕೋ ಹಾಗೇ ಇಲ್ಲ ಸರ್, ಒಂದು ವರ್ಷ."

"ಇವರು ಯಾರೂ ಬಲವಂತ ಮಾಡೋ ಹಾಗಿಲ್ವಾ?"

"ಯಾರೂ. ಆದ್ರೆ ಸೇರೋದು ಬಿಡೋದು ಪೂರ್ತಿ ನಿಮ್ಮಿಷ್ಟ. ಮೊದಲು ಈ ಫಾರಂ ಪೂರ್ತಿ ಓದಿ ಹೇಳ್ತೀನಿ, ಕೇಳಿ..."

"ಓದೋದೇನು ತಾಯಿ! ನಮ್ಮ ಕಡೆಯ ಹುಡುಗಿ ನೀನು. ನಿನ್ನನ್ನ ನಂಬದೆ ಇನ್ಯಾರನ್ನ ನಂಬಲಿ?"

"ಇಲ್ಲ ಸರ್, ನಾಲ್ಕು ಪುಟ ಇದೆ, ಕೇಳಲೇಬೇಕು..."

"ಓದಮ್ಮ, ಓದು," ಎನ್ನುತ್ತಾ ಪೃಥ್ವೀರಾಜ ಫಾರಂ ಎಳೆದುಕೊಂಡ. ನಿಶ್ಚಿತಾ ಮೊದಲ ಪುಟದಿಂದ ಓದತೊಡಗಿದಳು. ಅವನ ಕಿವಿಗೆ ಒಂದು ಅಕ್ಷರವೂ ಬೀಳಲಿಲ್ಲ. ದುರ್ಗಾಭವಾನಿ ಗಾರ ಕಡೆ ನೋಡಿ ಮೀಸೆ ತಿರುವುವುದರಲ್ಲೇ ಅವನ ಮನಸ್ಸಿತ್ತು. ಓದಿ ಮುಗಿಸಿ ಅವಳು "ಅರ್ಥ ಆಯ್ತಾ ಸರ್?" ಎಂದಾಗ "ಓ!" ಎಂದು ದೊಡ್ಡದಾಗಿ ರುಜು ಹಾಕಿದ.

ದುರ್ಗಾಭವಾನಿ ಗಾರು ಸೋಲುವವರಲ್ಲ. ಬ್ಯಾನರಿಗೆ ಧಕ್ಕೆಯಾದರೂ ಕಟ್ಟಡಕ್ಕೆ ಕೀರ್ತಿ ಬಂತಲ್ಲ ಎಂದು, ರುಜು ಹಾಕುತ್ತಿದ್ದ ಪೃಥ್ವೀರಾಜನ ಫೋಟೋ ತೆಗೆದು, 'ವಿಜ್ಞಾನಕ್ಕಾಗಿ ಮುಂದೆ ಬಂದ ನಮ್ಮ ಹೀರೋ' ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಸಿಂಧೂರ ಅದನ್ನು ತಿಪಟೂರಿಗೆ ಕಳಿಸಿದಳು. ಐದು ನಿಮಿಷದಲ್ಲಿ ಅಮ್ಮನ ಫೋನ್ ಬಂತು. ಬೀದಿಯವರಿಗೆಲ್ಲ ಹೇಳಿ ಆಗಿತ್ತು; ಸಂತೋಷಕ್ಕೆ ಅಮ್ಮ ಅಳುತ್ತಿದ್ದಳು. ಫೋಟೋ ಹೇಗೋ ಕೈ ಸೇರಿ, ಒನ್ ಟೌನಿನ ಅಂಗಡಿಯ ಯಜಮಾನರೂ ಫೋನ್ ಮಾಡಿ, ನಾಳೆ ಅಂಗಡಿಯಲ್ಲಿ ಹಾರ ಹಾಕುತ್ತೇವೆ ಎಂದರು. ಪೃಥ್ವೀರಾಜ ಎದೆ ಉಬ್ಬಿಸಿ ಸೋಫಾದ ಮೇಲೆ ಕೂತ.

ಸುಮಿತ್ರಾ ಮೆಲ್ಲನೆ ಬಂದು ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.

"ಏನಿದು?" ಪೃಥ್ವೀರಾಜನ ಧ್ವನಿ ಕೀರಲಾಯಿತು. "ನಂಗೆ ಏನೂ ಹಾಕೋ ಹಾಗಿಲ್ಲ ಅಂದ್ರಲ್ಲ!"

"ಹಾಕ್ತಿಲ್ಲ ಸರ್, ತಗೋತಿದ್ದೀವಿ," ಎಂದಳು ನಿಶ್ಚಿತಾ ಅಕ್ಕರೆಯಿಂದ. "ಎರಡನೇ ಪುಟದಲ್ಲಿ ಓದಿದ್ನಲ್ಲ? ಲಸಿಕೆ ಹಾಕಿಸಿಕೊಂಡವರಿಗೆ ವರ್ಷಕ್ಕೆ ಒಂದೇ ಸಲ ಬ್ಲಡ್ ಟೆಸ್ಟು. ಹಾಕಿಸಿಕೊಳ್ಳದವರಿಗೆ ತಿಂಗಳಿಗೊಂದು. ಹನ್ನೆರಡು. ಬೇಡ ಅಂದ್ರೆ ಈಗಲೂ ಬಿಡಬಹುದು ಸರ್, ಒಂದು ಮಾತು ಹೇಳಿ ಸಾಕು."

ಪೃಥ್ವೀರಾಜ ಬಾಯಿ ತೆರೆದ. ಎದುರಿಗೆ ಅರ್ಧ ಅಪಾರ್ಟ್‌ಮೆಂಟು ಮೊಬೈಲ್ ಎತ್ತಿ ಹಿಡಿದು ನಿಂತಿತ್ತು. ಸಿಂಧೂರಳ ಫೋನಿನಲ್ಲಿ, ವಿಡಿಯೋ ಕಾಲಿನಲ್ಲಿ, ಅಮ್ಮ ಮತ್ತು ಅಮ್ಮನ ಹಿಂದೆ ತಿಪಟೂರಿನ ಒಂದು ಇಡೀ ಬೀದಿ ಕೈ ಬೀಸುತ್ತಿತ್ತು. ಅವನು ಬಾಯಿ ಮುಚ್ಚಿದ. ಕಣ್ಣನ್ನೂ ಮುಚ್ಚಿದ.

"ವರ್ಷ ಆದ ಮೇಲಾದ್ರೂ ಬಿಡ್ತೀರೇನಮ್ಮ?" ಎಂದು ಮುಚ್ಚಿದ ಕಣ್ಣಲ್ಲೇ ಕೇಳಿದ.

"ಹಾಗೆ ಸುಮ್ಮನೆ ಬಿಟ್ಟುಬಿಡ್ತೀವಾ ಸರ್?" ನಿಶ್ಚಿತಾಳ ಧ್ವನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ನಾಲ್ಕನೇ ಪುಟ ನೋಡಿ. ಇಷ್ಟೆಲ್ಲ ಸಹಕಾರ ಕೊಟ್ಟದ್ದಕ್ಕೆ, ಕೊನೇ ದಿನ ನಾನೇ ಬಂದು ನಿಮಗೆ ಲಸಿಕೆ ಹಾಕ್ತೀನಿ."