ಹತ್ತಕ್ಕೆ ಒಂಬತ್ತು

ಸ್ವಂತ ಅತ್ತೆಯನ್ನು ಗುಜರಿಗೆ ಹಾಕಲು ಹೊರಟವನು ಎಂಬ ಹೆಸರು ನಮ್ಮ ಬೀದಿಯಲ್ಲಿ ನನಗೆ ಬಂದಿದೆ. ಇದು ಶುದ್ಧ ಅನ್ಯಾಯ. ನಾನು ಗುಜರಿಗೆ ಹಾಕಲು ಹೊರಟದ್ದು ಕಾರನ್ನು. ಅತ್ತೆ ಅದರೊಳಗೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಆ ಆಘಾತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ, ಆದ್ದರಿಂದ ಕತೆ ಅಲ್ಲಲ್ಲಿ ತೊದಲಿದರೆ ಕ್ಷಮಿಸಬೇಕು.

ನಾನು ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಯಾರು ಹೆಲ್ಮೆಟ್ ಹಾಕಿಲ್ಲ, ಯಾರು ನೆಲಕ್ಕೆ ಎಣ್ಣೆ ಚೆಲ್ಲಿದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ತಿಂಗಳ ಹಿಂದೆ ಮ್ಯಾನೇಜರು ನನ್ನನ್ನು ಎರಡು ದಿನದ ತರಬೇತಿಗೆ ಅಟ್ಟಿ, ವಾಪಸ್ಸು ಬಂದ ಕೂಡಲೇ 'ಮಾನಸಿಕ ಸ್ವಾಸ್ಥ್ಯಾಧಿಕಾರಿ' ಎಂಬ ಎರಡನೆಯ ಕಿರೀಟವನ್ನೂ ತೊಡಿಸಿದರು (ಸಂಬಳ ಮಾತ್ರ ಒಂದೇ ತಲೆಗೆ). ಇನ್ನೇನು ಒಂದು ಮಾದರಿ ಯೋಜನೆಯನ್ನು ಎಲ್ಲರೆದುರು ಮಂಡಿಸಬೇಕಿತ್ತು. ಕೆಲಸಗಾರರೋ ನನ್ನ ಮುಖ ಕಂಡರೆ ಸಾಕು, ಹಾಗೇ ಬೇರೆ ಬಾಗಿಲಿಂದ ಜಾರಿಕೊಳ್ಳುತ್ತಾರೆ. ಹಾಗಾಗಿ ಯೋಜನೆಯನ್ನು ಮನೆಯಲ್ಲೇ ಜಾರಿಗೆ ತಂದೆ.

ಒಂದು ದಪ್ಪ ರಿಜಿಸ್ಟರು ತಂದು ಗೆರೆ ಎಳೆದೆ. ಹೆಸರು, ಸಮಯ, ಮನಸ್ಸು ಹತ್ತಕ್ಕೆ ಎಷ್ಟು, ಕೈಗೊಂಡ ಕ್ರಮ, ಅಧಿಕಾರಿಯ ರುಜು. ದಿನಕ್ಕೆ ಮೂರು ಹೊತ್ತು ಹೆಂಡತಿ, ಮಗಳು, ಅತ್ತೆ ಮೂವರನ್ನೂ ಕೇಳುತ್ತಿದ್ದೆ. ಮೊದಲ ದಿನ ಹೆಂಡತಿ ನಾಲ್ಕು ಎಂದಳು, ಹತ್ತನೇ ಕ್ಲಾಸಿನ ಮಗಳು ಮೂರು ಎಂದಳು. ಅತ್ತೆ, "ಯಾರ ಮನಸ್ಸು, ನಂದಾ ನಿಮ್ದಾ?" ಎಂದರು. ಎಂಟಕ್ಕಿಂತ ಕಡಿಮೆ ಬಂದವರನ್ನು ಎದುರು ಕೂರಿಸಿಕೊಂಡು ಇಪ್ಪತ್ತು ನಿಮಿಷ ಕಾರಣ ವಿಚಾರಿಸುವುದು ನಿಯಮ. ನಾನು ಪ್ರೀತಿಯಿಂದಲೇ ವಿಚಾರಿಸಿದೆ.

ಎರಡನೇ ವಾರಕ್ಕೆ ಪವಾಡ ನಡೆಯಿತು. ಮೂವರೂ ಮೂರು ಹೊತ್ತೂ ಒಂಬತ್ತು. ಸಾಲದ್ದಕ್ಕೆ ಸಂಜೆಯಾದರೆ ಒಬ್ಬೊಬ್ಬರಾಗಿ ಅರ್ಧರ್ಧ ಗಂಟೆ ವಾಕಿಂಗ್ ಹೊರಡುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಬರೀ ಪ್ರಶ್ನೆ ಕೇಳಿಯೇ ಮೂರು ಮನಸ್ಸುಗಳನ್ನು ರಿಪೇರಿ ಮಾಡಿದವನು ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು ಎಂದುಕೊಂಡೆ.

ಆದರೂ ಒಂಬತ್ತೇ ಏಕೆ, ಹತ್ತು ಏಕಲ್ಲ ಎಂಬ ಚಿಂತೆ ಕೊರೆಯತೊಡಗಿತು. ಕೆಟ್ಟು ನಿಂತ ವಸ್ತುಗಳು ಕಣ್ಣಿಗೆ ಬೀಳುತ್ತಿದ್ದರೆ ಮನಸ್ಸು ಕುಗ್ಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಾಯಿತು. ನಮ್ಮ ಮನೆಯ ಪಕ್ಕದ ತಗಡಿನ ಚಾವಣಿಯ ಕೆಳಗೆ ನಾಲ್ಕು ವರ್ಷದಿಂದ ಉಸಿರಾಡದ ಕಾರೊಂದು ಮುಸುಕು ಹೊದ್ದು ನಿಂತಿತ್ತು. ಮನೆಯವರಿಗೆ ತಿಳಿಸದೆ, ಅಚ್ಚರಿಗೊಳಿಸೋಣ ಎಂದು, ಭಾನುವಾರ ಸಂಜೆ ಗುಜರಿಯವನನ್ನು ಕರೆಸಿದೆ.

ಆತ ಬಂದು ಮುಸುಕು ಎತ್ತಿದ. ಎತ್ತಿದ್ದನ್ನು ನಿಧಾನವಾಗಿ ಮತ್ತೆ ಇಳಿಸಿದ.

"ಸಾರ್, ಇದರಲ್ಲಿ ಜನ ಇದ್ದಾರೆ."

"ಏನು ಮಾತಾಡ್ತಿದ್ದೀಯಪ್ಪಾ, ಇಂಜಿನ್ನೇ ಇಲ್ಲ ಅದರಲ್ಲಿ."

"ಇಂಜಿನ್ ಇಲ್ಲ ಸಾರ್. ಅಜ್ಜಿ ಇದ್ದಾರೆ."

ನಾನೇ ಮುಸುಕು ಸರಿಸಿದೆ. ಹಿಂದಿನ ಸೀಟಿನಲ್ಲಿ ವಾಕಿಂಗ್ ಹೋಗಿದ್ದ ಅತ್ತೆ ಕಾಲು ಚಾಚಿ, ದಿಂಬಿಗೆ ಒರಗಿ, ಬಿಸ್ಕತ್ತು ಮೆಲ್ಲುತ್ತಿದ್ದರು. ಅಂತಹ ಪ್ರಶಾಂತ ಮುಖವನ್ನು ನಾನು ಅವರ ಕುತ್ತಿಗೆಯ ಮೇಲೆ ಎಂದೂ ಕಂಡಿರಲಿಲ್ಲ.

"ಇನ್ನೂ ಹತ್ತು ನಿಮಿಷ ಇದೆ ನಂಗೆ," ಎಂದರು ಅತ್ತೆ. "ಮುಸುಕು ಹಾಕಿ."

"ಇವರೂ ಸೇರಿನಾ ಸಾರ್?" ಎಂದು ಗುಜರಿಯವನು ಕೇಳಿದ.

ಗದ್ದಲಕ್ಕೆ ಹೆಂಡತಿ, ಮಗಳು ಓಡಿ ಬಂದರು. ಅಷ್ಟರಲ್ಲಿ ನನ್ನ ಅಧಿಕಾರಿ ಬುದ್ಧಿ ಎಚ್ಚೆತ್ತು, ಮುಂದಿನ ಸೀಟಿನೆದುರಿನ ಖಾನೆ ಎಳೆದೆ. ಒಳಗೊಂದು ನೋಟ್‌ಬುಕ್. ಆರರಿಂದ ಆರೂವರೆ ಅತ್ತೆ, ಅಲ್ಲಿಂದ ಏಳರವರೆಗೆ ಹೆಂಡತಿ, ಏಳೂವರೆಯವರೆಗೆ ಮಗಳು. ಬುಧವಾರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು (ಕಾಂಪೌಂಡಿನಾಚೆಯಿಂದ ಅವರನ್ನೂ ಒಂದೆರಡು ಸಲ ಕೇಳಿದ್ದೆ, ಅಷ್ಟೇ). ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ನಿಯಮ: ಇಲ್ಲಿ ಯಾರೂ ಯಾರನ್ನೂ 'ಮನಸ್ಸು ಹೇಗಿದೆ' ಎಂದು ಕೇಳಕೂಡದು.

"ಹಾಗಾದ್ರೆ ಆ ಒಂಬತ್ತು?" ಎಂದೆ.

ಮಗಳು ನೆಲ ನೋಡುತ್ತ ಹೇಳಿದಳು: "ಅಪ್ಪಾ, ಗಣಿತದಲ್ಲಿ ಫೇಲಾದ ದಿನ ಅಳು ಬರ್ತಿತ್ತು. ಮೂರು ಅಂದ್ರೆ ಇಪ್ಪತ್ತು ನಿಮಿಷ ವಿಚಾರಣೆ. ಅದಕ್ಕೇ ಒಂಬತ್ತು ಅಂದೆ. ಆಮೇಲೆ ಇಲ್ಲಿ ಬಂದು ಅತ್ಕೊಂಡೆ."

ಫೇಲಾದದ್ದೂ ನನಗೆ ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಅದಕ್ಕೆ ಅಂಕಣವಿರಲಿಲ್ಲ. ನನಗೆ ನಿಜಕ್ಕೂ ನೋವಾಯಿತು.

"ಹತ್ತು ಅಂದ್ರೆ ಅನುಮಾನ ಬರುತ್ತೆ ಅಂತ ನಾನೇ ಒಂಬತ್ತು ಹೇಳ್ಕೊಟ್ಟೆ," ಎಂದಳು ಹೆಂಡತಿ. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದಳು. "ಅದಿರಲಿ, ನಿಮಗೆಷ್ಟು?"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಎರಡು," ಎಂದುಬಿಟ್ಟೆ. "ಕಾರ್ಖಾನೆಯಲ್ಲಿ ಊಟಕ್ಕೆ ಕೂತರೆ ಪಕ್ಕದಲ್ಲಿ ಯಾರೂ ಕೂರಲ್ಲ. ಮನೆಯಲ್ಲಾದ್ರೂ ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡ್ತಾರೆ ಅಂದ್ಕೊಂಡಿದ್ದೆ."

ಗುಜರಿಯವನು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅತ್ತೆ ಕಾರಿನಿಂದ ಇಳಿದು, ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕೈಗಿಟ್ಟು, "ಕೂತ್ಕೊಳ್ಳಿ. ದಿಂಬು ಸೊಂಟಕ್ಕಿಟ್ಕೊಳ್ಳಿ," ಎಂದರು. ಕೂತೆ. ಹೆಂಡತಿ ಮುಸುಕು ಎಳೆದಳು.

ಸುಳ್ಳು ಹೇಳುವುದಿಲ್ಲ, ಸ್ವರ್ಗ. ಬೆಳಕು ತಂಪಾಗಿತ್ತು, ಫೋನು ಕೂಗಲಿಲ್ಲ, ಏನನ್ನೂ ಬರೆದುಕೊಳ್ಳಬೇಕಿರಲಿಲ್ಲ. ನಾಲ್ಕು ಬಿಸ್ಕತ್ತು ತಿಂದು ಸ್ವಲ್ಪ ಅತ್ತುಬಿಟ್ಟೆ. ಹಾಗೇ ಜೊಂಪು ಹತ್ತಿತು.

ಎಚ್ಚರವಾದದ್ದು ನಗುವಿನ ಸದ್ದಿಗೆ. ಮನೆಯೊಳಗೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಮಗಳು ಗಣಿತದ ಮೇಡಮ್ಮನ್ನು ಅಣಕಿಸುತ್ತಿದ್ದಳು, ಅತ್ತೆ ಇನ್ನೊಮ್ಮೆ ಮಾಡು ಎನ್ನುತ್ತಿದ್ದರು. ಏಳಾಯಿತು, ಏಳೂವರೆಯೂ ಆಯಿತು. ತನ್ನ ಸರದಿ ಎಂದು ಬಾಗಿಲು ತಟ್ಟಲು ಒಬ್ಬರೂ ಬರಲಿಲ್ಲ. ನನ್ನ ಮನೆಯವರ ಔದಾರ್ಯಕ್ಕೆ ಕಣ್ಣು ತುಂಬಿತು.

ಕೊನೆಗೆ ಹೆಂಡತಿ ರಿಜಿಸ್ಟರು ಹಿಡಿದು ಬಂದು ಗಾಜು ಕುಟ್ಟಿದಳು. ಸಂಜೆಯ ಸಾಲಿನಲ್ಲಿ ಮೂರೂ ಹೆಸರಿನ ಮುಂದೆ ಅವರವರ ಕೈಬರಹದಲ್ಲೇ ಹತ್ತು, ಹತ್ತು, ಹತ್ತು. ಈ ಯೋಜನೆಯ ಇತಿಹಾಸದಲ್ಲೇ ಮೊದಲು.

"ಇದು ನಿಜವಾದ ಹತ್ತು. ನಾಳೆಯಿಂದ ಕಾರು ನಮಗ್ಯಾರಿಗೂ ಬೇಡ, ಪೂರ್ತಿ ನಿಮಗೇ," ಎಂದಳು. "ಐದರಿಂದ ಎಂಟು."

ನಾನು ಕನ್ನಡಕ ಏರಿಸಿ ಮುಂದಿನ ಅಂಕಣ ಓದಿದೆ. ಕೈಗೊಂಡ ಕ್ರಮ: ಅಧಿಕಾರಿಯನ್ನು ಕಾರಿನಲ್ಲಿ ಕೂರಿಸಲಾಯಿತು.

ಪಕ್ಕದಲ್ಲಿ ಅಧಿಕಾರಿಯ ರುಜುವಿಗೆ ಜಾಗ ಖಾಲಿಯಿತ್ತು. ಗಾಜು ಇಳಿಸಿ, ಪೆನ್ನು ಕೇಳಿ ತೆಗೆದುಕೊಂಡು, ಹಾಕಿಕೊಟ್ಟೆ.