ಎರಡು ಹೆಸರುಗಳ ನಡುವಿನ &

ಬಸವಕಲ್ಯಾಣದಲ್ಲಿ ಟೈಪಿಂಗ್ ಅಂಗಡಿ ಇಟ್ಟವನು ನಗುವಿಗಾಗಿ ಹೊರಗೆ ಹುಡುಕಬೇಕಿಲ್ಲ. ಅದು ತಾನೇ ಅಚ್ಚಿನ ಪ್ರೂಫ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತದೆ. ಆದರೆ ಈ ಸಲ ನಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

೧. ಒಪ್ಪಿಗೆ

ಹುಮನಾಬಾದಿನ ಬಟ್ಟೆ ವ್ಯಾಪಾರಿಗಳ ವಿಳಾಸಗಳನ್ನು ಎಕ್ಸ್‌ಎಂಎಲ್ ಎಂಬ ಬಗೆಯ ಕಂಪ್ಯೂಟರ್ ಕಡತಕ್ಕೆ ಹಾಕುತ್ತಿದ್ದೆ. ಅದರಿಂದಲೇ ಪುಸ್ತಕ ಅಚ್ಚಾಗಬೇಕಿತ್ತು. ಒಂದು ಅಂಗಡಿಯ ಹೆಸರಿಗೆ ಬಂದೊಡನೆ ಕೆಲಸ ನಿಂತುಹೋಯಿತು. ಅಣ್ಣನ ಹೆಸರು, ನಡುವೆ &, ಆಮೇಲೆ ತಮ್ಮನ ಹೆಸರು. ಇಂಥ ಕಡತದಲ್ಲಿ & ಅನ್ನು ಹಾಗೇ ಬರೆಯುವಂತಿಲ್ಲ; ಅದು ಕಂಪ್ಯೂಟರಿನ ಸ್ವಂತ ಕೆಲಸಕ್ಕೆ ಮೀಸಲು. 'ಮತ್ತು' ಎಂದು ಹಾಕಲೇ ಎಂದು ಕೇಳಲು ಆ ಅಂಗಡಿಗೇ ಹೋದೆ.

ಒಂದೇ ಅಂಗಡಿ, ಎರಡು ಗಲ್ಲಾಪೆಟ್ಟಿಗೆ. ತಂದೆ ಹೋದ ಮೇಲೆ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ನಡುವೆ ಕೂತು ಮಾತು ದಾಟಿಸುತ್ತಿದ್ದ ತಾಯಿಯೂ ಹೋದ ವರ್ಷ ತೀರಿಕೊಂಡಿದ್ದರು. ಈಗ ಗಿರಾಕಿಗಳೇ ಗತಿ.

"ತಮ್ಮಗ ಕೇಳ್ರಿ" ಎಂದರು ಅಣ್ಣ.

ಮೂರು ಹೆಜ್ಜೆ ಆಚೆ ಕೂತಿದ್ದ ತಮ್ಮ, "ಬ್ಯಾಡಂತ ಹೇಳ್ರಿ. ಆ ಗುರ್ತ ಅಪ್ಪ ತನ್ನ ಕೈಲೆ ಬೋರ್ಡಿನ ಮ್ಯಾಲ ಬರದದ್ದು" ಎಂದರು.

"ನಂದೂ ಅದೇ ಮಾತಂತ ಹೇಳ್ರಿ" ಎಂದರು ಅಣ್ಣ.

ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದರು. ಕೆಟ್ಟದ್ದು ನನ್ನ ಕೆಲಸ ಮಾತ್ರ.

೨. ಎರಡು ಲಕೋಟೆ

ಇದಕ್ಕೆ ಉಪಾಯವಿದೆ. ಕಡತದೊಳಗೆ &amp; ಎಂದು ಬರೆದರೆ ಹೊರಗೆ & ಕಾಣುತ್ತದೆ. ಹಾಗೆ ಬದಲಿಸುವ ಪ್ರೋಗ್ರಾಂ ಅನ್ನು ನಾನು ಮರೆತು ಎರಡು ಸಲ ಓಡಿಸಿದೆ. ಮೊದಲ ಸಲ ಸರಿಯಾದದ್ದು ಎರಡನೇ ಸಲ ಮತ್ತೆ ಬದಲಾಗಿ ಕೆಟ್ಟಿತು. ಪ್ರೂಫಿನಲ್ಲಿ ಇಬ್ಬರ ನಡುವೆ &amp; ಎಂದೇ ಬಂತು. ನೋಡದೆ ಕಳಿಸಿಬಿಟ್ಟೆ, ಅದೂ ಒಂದೇ ಅಂಗಡಿಗೆ ಎರಡು ಲಕೋಟೆಯಲ್ಲಿ. ಒಂದೇ ಕಳಿಸಿದ್ದರೆ ಅದು ಮೂರು ಹೆಜ್ಜೆ ದಾಟಲು ಗಿರಾಕಿ ಬರುವ ತನಕ ಕಾಯಬೇಕಿತ್ತಲ್ಲ.

೩. ಮೂರನೆಯವರಿಲ್ಲದ ಹೊತ್ತು

ಲಕೋಟೆ ಸಿಕ್ಕ ಮರುದಿನ ಅಪ್ಪನ ಗುರುತು ಕೆಟ್ಟಿತೆಂದು ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದು ನನ್ನ ಅಂಗಡಿಯಲ್ಲೇ ಎದುರಾದರು. ನಾನು ಚಹಾಕ್ಕೆ ಹೋಗಿದ್ದೆ. ಮಾತು ದಾಟಿಸಲು ಅಲ್ಲಿ ಯಾರೂ ಇರಲಿಲ್ಲ. ತಿರುಗಿ ಬಂದಾಗ ಒಳಗೆ ದನಿ ಕೇಳಿ ಬಾಗಿಲಲ್ಲೇ ನಿಂತೆ. ಅಣ್ಣ ನನ್ನ ಕಂಪ್ಯೂಟರಿನ ಕಡೆ ತಿರುಗಿ ಗಂಭೀರವಾಗಿ ಮಾತಾಡುತ್ತಿದ್ದರು.

"ನೋಡಪಾ, ಅವನಿಗಿ ಕೇಳು. ಬಿಪಿ ಗುಳಗಿ ತಗೋಳಾಕತ್ತಾನೋ ಇಲ್ಲೋ?"

"ತಗೋಳಾಕತ್ತೇನಂತ ಹೇಳು." ತಮ್ಮನೂ ಕಂಪ್ಯೂಟರಿಗೇ ಹೇಳಿದರು. "ಅವ್ವ ಹೋದ ಮ್ಯಾಲ ಯಾರೂ ಕೇಳಿಲ್ಲಂತನೂ ಹೇಳು."

ಒಳಗೆ ಹೋಗಿ ಕೂತೆ. ಗುರುತು ಸರಿಪಡಿಸಲು ಒಂದು ನಿಮಿಷ ಸಾಕಿತ್ತು.

"ಭಾಳ ಕೆಟ್ಟದ್ರಿ" ಎಂದೆ. "ನಾಳಿ ಇಬ್ಬರೂ ಬರಬೇಕಾಗ್ತದ."

ತಮ್ಮ ನನ್ನತ್ತ ನೋಡಲೇ ಇಲ್ಲ. ಕಂಪ್ಯೂಟರಿನ ಹತ್ತಿರ ಬಗ್ಗಿ ಹೇಳಿದರು:

"ಅಣ್ಣಗ ಹೇಳು, ನಾಳಿ ಒಂದೇ ಬಸ್ಸಿಗಿ ಬರೋಣಂತ."