ಸೂರ್ಯ ಬರೆದ ಬೋರ್ಡು

ಹೆಂಡತಿ ಮಾತು ಬಿಟ್ಟರೆ ಮನೆಗೆ ಶಾಂತಿ ಎಂದವರು ಯಾರೇ ಇರಲಿ, ಅವರಿಗೆ ಮದುವೆ ಆಗಿರಲಿಲ್ಲ. ನಮ್ಮ ಬೋರ್ಡು ಬರೆಯುವ ಮಹಾಶಯನ ಮನೆಯಲ್ಲಿ ಒಂದು ವಾರದಿಂದ ತಟ್ಟೆ ಲೋಟಗಳದ್ದೇ ಸದ್ದು. ನೆಂಟರ ಮುಂದೆ, "ಇವಳ ಅಡುಗೆಗಿಂತ ನನ್ನ ಟರ್ಪೆಂಟೈನ್ ರುಚಿ" ಎಂದುಬಿಟ್ಟಿದ್ದ. (ಯಾರೂ ನಗಲಿಲ್ಲ, ಅದು ಅವನ ಗ್ರಹಚಾರ.) ತಪ್ಪಾಯ್ತು ಎನ್ನಲು ಬಾಯಿ ಬಾರದು, ಅವಳ ಮಾತಿಲ್ಲದೆ ಅನ್ನ ಗಂಟಲಲ್ಲಿ ಇಳಿಯದು.

ಅಂಥ ಹೊತ್ತಿನಲ್ಲಿ ಹಿತ್ತಲಿನ ಸೇಬೊಂದು ಅವನ ಕಣ್ಣಿಗೆ ಬಿತ್ತು. ಹಣ್ಣೆಲ್ಲ ಕೆಂಪು, ಎಲೆ ಅಂಟಿಕೊಂಡಿದ್ದ ಕಡೆ ಮಾತ್ರ ಎಲೆಯ ಆಕಾರದಲ್ಲೇ ಹಸಿರು! ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರನ್ನು ಹಿಡಿದ.

"ಬೆಳಕು ಬಿದ್ರೇನೇ ಸಿಪ್ಪೇಲಿ ಕೆಂಪು ತಯಾರಾಗೋದು," ಎಂದರು ಮೇಷ್ಟ್ರು.

"ಮತ್ತೆ ನನ್ನ ಬೋರ್ಡಿನ ಕೆಂಪು ಅದೇ ಬೆಳಕಿಗೆ ಮಾಸುತ್ತಲ್ಲ ಸಾರ್?"

"ಅದು ಒಂದ್ಕಡೆ ಬಣ್ಣ ಕಟ್ಟುತ್ತೆ, ಇನ್ನೊಂದ್ಕಡೆ ಒಡೆಯುತ್ತೆ."

ತನ್ನ ಬೋರ್ಡಿನಿಂದ ಕಸಿದದ್ದನ್ನು ಸೇಬಿಗೆ ಕೊಡುವ ಸೂರ್ಯನ ಮೇಲೆ ಅವನಿಗೆ ಕೋಪವೂ ಬಂತು, ಭಕ್ತಿಯೂ ಬಂತು. ಕಪ್ಪು ಕಾಗದದಲ್ಲಿ "ತಪ್ಪಾಯ್ತು" ಎಂದು ಕತ್ತರಿಸಿ, ಅಡುಗೆಮನೆ ಕಿಟಕಿಗೆ ಎದುರಾಗಿದ್ದ ಮೂರು ಕಾಯಿಗಳಿಗೆ ಒಂದೊಂದು ಅಕ್ಷರ ಅಂಟಿಸಿದ. ತಾನು ಹೇಳಬೇಕಾದ್ದನ್ನು ಹಣ್ಣೇ ಹೇಳಲಿ! ಇನ್ನೇನು ಕೆಂಪಾಗಬೇಕು, ಅಷ್ಟರಲ್ಲಿ ಹೆಂಡತಿ ಕಪ್ಪು ಕಲೆ ಕಂಡು, ಏನೋ ರೋಗ ಬಡಿದಿದೆ ಎಂದು ಮೂರನ್ನೂ ಕಿತ್ತೆಸೆದಳು.

ಅವನು ಬಿಡಲಿಲ್ಲ. ಮತ್ತೆ ಕತ್ತರಿಸಿದ. ಕತ್ತರಿಸಿದ ಅಕ್ಷರ ಗಾಳಿಗೆ ಹಾರದಂತೆ ಗೋಂದು ಸವರಿ, ಕಾಗುಣಿತ ಕೆಡದಂತೆ ಸಾಲಾಗಿ, ತನ್ನ ಬೋಳುತಲೆಗೇ ಅಂಟಿಸಿಕೊಳ್ಳುವುದು ಅವನ ಕಸುಬಿನ ಹಳೆಯ ಅಭ್ಯಾಸ; ಈ ಸಲವೂ ಹಾಗೇ ಮಾಡಿದ. ಒಳ್ಳೆಯ ಕಾಯಿ ಆರಿಸಲು ಗಿಡದ ಮುಂದೆ ಕುರ್ಚಿ ಹಾಕಿ ಕೂತವನಿಗೆ ಬಿಸಿಲಲ್ಲೇ ಜೊಂಪು ಹತ್ತಿತು. ಎದ್ದಾಗ ನೆತ್ತಿ ಚುರುಚುರು ಎನ್ನುತ್ತಿತ್ತು. ಮುರುಟಿದ ಕಾಗದ ಕಿತ್ತುಹಾಕಿ, ನಾಳೆ ನೋಡಿದರಾಯ್ತು ಎಂದು ಒಳಗೆ ಹೋದ.

ರಾತ್ರಿ ತಟ್ಟೆಗೆ ಬಗ್ಗಿದ್ದೇ ತಡ, ಹೆಂಡತಿ ಸೌಟು ಹಿಡಿದು ನಿಂತುಬಿಟ್ಟಳು. ಕೆಂಪಗೆ ಸುಟ್ಟ ನೆತ್ತಿಯ ನಡುವೆ ಬೆಳ್ಳಗೆ, ದುಂಡಗೆ, ಮೂರಕ್ಷರ.

"ಏನ್ರೀ ಇದು! ತಲೆ ಒಪ್ಕೊಂಡಿದೆ, ಬಾಯಿ ಯಾವಾಗ ಒಪ್ಕೊಳ್ಳೋದು?" ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು.

ಅವಳ ದನಿ ಕೇಳಿದ ಖುಷಿಗೆ ಅವನ ಬಾಯಿಯೂ ಸಡಿಲವಾಯಿತು. "ತಪ್ಪಾಯ್ತು ಕಣೇ. ನನ್ನ ಟೋಪಿ ಎಲ್ಲಿ? ನಾಳೆ ಪೇಟೆಗೆ ಹೋಗ್ಬೇಕು."

"ಟೋಪಿ ನನ್ನ ಹತ್ರಾನೇ ಇರುತ್ತೆ. ಅಷ್ಟು ಜನರ ಮುಂದೆ ಆಡಿದ ಮಾತಿಗೆ ನನ್ನೊಬ್ಬಳ ಮುಂದೆ ತಪ್ಪಾಯ್ತಾ? ಅದು ಅಳಿಸೋವರೆಗೂ ಹೀಗೇ ಓಡಾಡಿ!"

ಓಡಾಡಿದ. ಎದುರಾದವರೆಲ್ಲ ಅವನ ನೆತ್ತಿಯನ್ನು ಗಟ್ಟಿಯಾಗಿ ಓದಿ, "ಆಯ್ತು ಬಿಡಿ, ಕ್ಷಮಿಸಿದ್ದೀವಿ" ಎಂದರು. ಜನ್ಮವಿಡೀ ಅವನು ಬರೆದ ಬೋರ್ಡುಗಳಲ್ಲಿ ಇಷ್ಟು ಮಂದಿ ಓದಿದ್ದು ಇನ್ನೊಂದಿಲ್ಲ.